ವಾರಕ್ಕೆ ಎರಡು ಗಳಿಗೆ: ನಿಂತು ನೋಡುವ ಅಭ್ಯಾಸಕ್ಕೆ ಒಂದು ಕ್ರಮ

ದಿನಗಳು ಹೇಗೆ ಕಳೆಯುತ್ತಿವೆಯೋ ತಿಳಿಯುತ್ತಿಲ್ಲ, ಮುಖ್ಯವೆಂದುಕೊಂಡ ಕೆಲಸಕ್ಕೆ ಕೈಹಾಕಲು ಆಗುತ್ತಿಲ್ಲ, ಸ್ವಲ್ಪ ನಿಧಾನಿಸಿ ಯೋಚಿಸಬೇಕು ಎನಿಸುತ್ತದೆ, ಆದರೆ ಎಲ್ಲಿಂದ ಆರಂಭಿಸಬೇಕು? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿಯೇ ದಿನದ ಎರಡು ಮೂರು ಗಂಟೆ ಕಳೆಯುವ ಉದ್ಯೋಗಿಗಳಿದ್ದಾರೆ, ಮಕ್ಕಳು ಮತ್ತು ಹಿರಿಯರಿಬ್ಬರ ಆರೈಕೆಯನ್ನೂ ಹೊತ್ತಿರುವ ಗೃಹಿಣಿಯರಿದ್ದಾರೆ, ನಿವೃತ್ತಿಯ ನಂತರವೂ ಬಿಡುವು ಕಾಣದವರಿದ್ದಾರೆ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇನೆ.

ಮೊದಲಿಗೇ ಒಂದು ಭಿನ್ನಾಭಿಪ್ರಾಯವನ್ನು ಹೇಳಿಬಿಡಬೇಕು. ಇಂಥ ವಿಷಯದ ಬಹುಪಾಲು ಸಲಹೆಗಳು "ನಿಮ್ಮ ಬದುಕಿನಲ್ಲಿ ಮುಖ್ಯವಾದುದು ಏನೆಂದು ಪಟ್ಟಿ ಮಾಡಿ" ಎಂಬಲ್ಲಿಂದ ಶುರುವಾಗುತ್ತವೆ. ಹಾಗೆ ಕೇಳಿದರೆ ಯಾರಾದರೂ ಕುಟುಂಬ, ಆರೋಗ್ಯ, ನೆಮ್ಮದಿ, ಪ್ರಾಮಾಣಿಕತೆ ಎಂದೇ ಬರೆಯುತ್ತಾರೆ. ಉತ್ತರ ಸುಳ್ಳಲ್ಲ, ಆದರೆ ಅದು ನಿಮ್ಮದೂ ಅಲ್ಲ, ಎಲ್ಲರದೂ ಅದೇ. ಆ ಪಟ್ಟಿಯನ್ನು ಗೋಡೆಗೆ ಅಂಟಿಸಿದವರ ಸೋಮವಾರವು ಹಿಂದಿನ ಸೋಮವಾರದಂತೆಯೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಕ್ರಮ ತಿರುವುಮುರುವಾಗಬೇಕು. ದಿನಗಳು ನಿಜವಾಗಿ ಎಲ್ಲಿ ಹೋಗುತ್ತಿವೆ ಎಂಬುದನ್ನು ಮೊದಲು ದಾಖಲೆಯಿಂದ ನೋಡಬೇಕು, ಪ್ರಶ್ನೆಗಳು ಆಮೇಲೆ ಬರಬೇಕು, ಆದ್ಯತೆಯ ಪಟ್ಟಿ ಎಲ್ಲಕ್ಕಿಂತ ಕೊನೆಗೆ, ಬೇಕೆನಿಸಿದರೆ ಮಾತ್ರ.

ಏನೇನು ಬೇಕು

ವಾರಕ್ಕೆ 48 ನಿಮಿಷ, ಒಂದು ಸಾಧಾರಣ ನೋಟ್‌ಬುಕ್, ಪೆನ್ನು, ಮೊಬೈಲ್ ಅಲ್ಲದ ಒಂದು ಗಡಿಯಾರ ಇಷ್ಟಿದ್ದರೆ ಸಾಕು. 48 ನಿಮಿಷ ಎಂಬ ಅಳತೆ ನನ್ನದಲ್ಲ. ಜೈನ ಗೃಹಸ್ಥರು ಆಚರಿಸುವ ಸಾಮಾಯಿಕದ ಅವಧಿ ಒಂದು ಮುಹೂರ್ತ, ಎಂದರೆ ಎರಡು ಗಳಿಗೆ. ಗಳಿಗೆಗೆ 24 ನಿಮಿಷದಂತೆ ಅದು 48 ನಿಮಿಷವಾಗುತ್ತದೆ. ವ್ಯವಹಾರಗಳನ್ನೆಲ್ಲ ಬದಿಗಿಟ್ಟು ಸಮಚಿತ್ತದಿಂದ ಕುಳಿತುಕೊಳ್ಳುವುದು ಸಾಮಾಯಿಕದ ತಿರುಳು. ಈ ಲೇಖನದಲ್ಲಿ ಹೇಳುತ್ತಿರುವುದು ಧಾರ್ಮಿಕ ಆಚರಣೆಯಲ್ಲ, ಅಲ್ಲಿಂದ ಅಳತೆಯನ್ನಷ್ಟೇ ಎರವಲು ಪಡೆದಿದ್ದೇನೆ. ಅರ್ಧ ಗಂಟೆಗಿಂತ ಕಡಿಮೆಯಾದರೆ ಮನಸ್ಸು ತಹಬಂದಿಗೆ ಬರುವಷ್ಟರಲ್ಲಿ ಎದ್ದೇಳಬೇಕಾಗುತ್ತದೆ. ಒಂದು ಗಂಟೆ ಮೀರಿದರೆ ಮುಂದಿನ ವಾರ ಕುಳಿತುಕೊಳ್ಳಲು ಬೇಸರ ಬರುತ್ತದೆ.

ಇದಕ್ಕಾಗಿ ಯಾವ ಆ್ಯಪನ್ನೂ ಇಳಿಸಿಕೊಳ್ಳಬೇಡಿ. ದುಬಾರಿ ಡೈರಿಯನ್ನೂ ಕೊಳ್ಳಬೇಡಿ, ಅಂದವಾದ ಪುಸ್ತಕದಲ್ಲಿ ಬರೆಯುವಾಗ ಅಂದವಾಗಿ ಬರೆಯಬೇಕೆನಿಸುತ್ತದೆ, ಅಂದವಾಗಿ ಬರೆಯಹೊರಟಾಗ ಸತ್ಯ ಸ್ವಲ್ಪ ಸ್ವಲ್ಪವೇ ಜಾರತೊಡಗುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳುವುದು ಅಗತ್ಯ. ವಾರಗಟ್ಟಲೆ ನಿದ್ರೆಯಿಲ್ಲದಿರುವುದು, ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಬದುಕೇ ಬೇಡವೆನಿಸುವುದು ಇವುಗಳಲ್ಲಿ ಯಾವುದಾದರೂ ನಿಮ್ಮ ಅನುಭವವಾಗಿದ್ದರೆ ಒಂಟಿಯಾಗಿ ಕುಳಿತು ಆತ್ಮಾವಲೋಕನ ಮಾಡುವುದು ಸರಿಯಾದ ಮೊದಲ ಹೆಜ್ಜೆಯಲ್ಲ. ವೈದ್ಯರನ್ನು ಕಾಣಿ, ಅಥವಾ ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು.

ಹಂತ 1: ದಿನ ಮತ್ತು ಜಾಗವನ್ನು ಗೊತ್ತುಮಾಡಿಕೊಳ್ಳಿ

"ಬಿಡುವಾದಾಗ ಕೂರುತ್ತೇನೆ" ಎಂದುಕೊಂಡವರು ಕೂರುವುದಿಲ್ಲ. ವಾರದಲ್ಲಿ ಈಗಾಗಲೇ ಸ್ವಲ್ಪ ನಿಲುಗಡೆ ಇರುವ ದಿನವನ್ನು ಹುಡುಕಿಕೊಳ್ಳಿ. ಕರ್ನಾಟಕದ ಹಲವು ಊರುಗಳಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅಂಥ ಊರಿನ ರೈತರಿಗೆ ಸೋಮವಾರ ಮಧ್ಯಾಹ್ನ ಸಹಜವಾದ ಆಯ್ಕೆ. ಅಂಗಡಿ ನಡೆಸುವವರಿಗೆ ವಾರದ ರಜೆಯ ಬೆಳಿಗ್ಗೆ ಒಪ್ಪುತ್ತದೆ, ಕಚೇರಿಗೆ ಹೋಗುವವರಿಗೆ ಶನಿವಾರದ ಸಂಜೆ. ಭಾನುವಾರ ರಾತ್ರಿಯನ್ನು ಮಾತ್ರ ಆಯ್ದುಕೊಳ್ಳಬೇಡಿ, ಏಕೆಂದರೆ ಆ ಹೊತ್ತಿಗೆ ಮರುದಿನದ ಚಿಂತೆ ತಲೆಗೇರಿರುತ್ತದೆ ಮತ್ತು ನೀವು ಬರೆಯುವುದೆಲ್ಲ ಸೋಮವಾರದ ಕೆಲಸಗಳ ಪಟ್ಟಿಯಾಗಿಬಿಡುತ್ತದೆ.

ಜಾಗದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಜಗಲಿ, ತಾರಸಿ, ದೇವಸ್ಥಾನದ ಪ್ರಾಕಾರ, ಕೆರೆಯ ಏರಿ ಯಾವುದಾದರೂ ಆದೀತು. ಮನೆಯಲ್ಲಿ ಒಂದು ಮೂಲೆಯೂ ಸಿಗದವರು, ಅದರಲ್ಲೂ ಹೆಣ್ಣುಮಕ್ಕಳು, ಸಾರ್ವಜನಿಕ ಗ್ರಂಥಾಲಯವನ್ನು ಬಳಸಿಕೊಳ್ಳಿ. ಹಳ್ಳಿಗಳಲ್ಲಿ ಈಗ ಅರಿವು ಕೇಂದ್ರವೆಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಅಲ್ಲಿ ಪುಸ್ತಕ ತೆರೆದು ಬರೆಯುತ್ತ ಕುಳಿತವರನ್ನು ಯಾರೂ ಏಕೆಂದು ಕೇಳುವುದಿಲ್ಲ. ಮನೆಯಲ್ಲಿಯೇ ಕೂರುವುದಾದರೆ ಎಷ್ಟು ಹೊತ್ತಿಗೆ ಏಳುತ್ತೀರಿ ಎಂಬುದನ್ನು ಮೊದಲೇ ಹೇಳಿ ಕುಳಿತುಕೊಳ್ಳಿ. ಮುಗಿಯುವ ಹೊತ್ತು ಗೊತ್ತಿದ್ದರೆ ಮನೆಯವರು ಕಾಯುತ್ತಾರೆ. ಗೊತ್ತಿಲ್ಲದಿದ್ದರೆ ಐದು ನಿಮಿಷಕ್ಕೊಮ್ಮೆ ಬಂದು ನೋಡುತ್ತಾರೆ.

ಹಂತ 2: ಒಂದು ವಾರದ ಸಮಯವನ್ನು ಬರೆದಿಡಿ

ಈ ಹಂತವನ್ನು ಬಿಟ್ಟುಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಬಿಟ್ಟರೆ ಮುಂದಿನದೆಲ್ಲ ಊಹೆಯ ಮೇಲೆ ನಿಲ್ಲುತ್ತದೆ. ಮೊದಲ ವಾರ ನೀವು ಕುಳಿತು ಯೋಚಿಸುವುದೇ ಬೇಡ, ದಾಖಲಿಸಿದರೆ ಸಾಕು.

ವಿಧಾನವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಮೊದಲ ಬಾರಿಗೆ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆಯನ್ನು ನಡೆಸಿತು, 2024ರಲ್ಲಿ ಮತ್ತೊಮ್ಮೆ ನಡೆಸಿತು. ಜನರು ದಿನದ 24 ಗಂಟೆಗಳನ್ನು ಯಾವ ಯಾವ ಕೆಲಸಕ್ಕೆ ಬಳಸುತ್ತಾರೆ ಎಂಬುದನ್ನು ಕೇಳಿ ದಾಖಲಿಸುವುದೇ ಸಮಯ ಬಳಕೆ ಸಮೀಕ್ಷೆ. ಅದರಲ್ಲಿ ಬೆಳಗಿನ 4 ಗಂಟೆಯಿಂದ ಮರುದಿನದ ಬೆಳಗಿನ 4 ಗಂಟೆಯವರೆಗಿನ ಅವಧಿಯನ್ನು ಒಂದು ದಿನವೆಂದು ಹಿಡಿದು ಅರ್ಧರ್ಧ ಗಂಟೆಯ ತುಂಡುಗಳಾಗಿ ಭಾಗಿಸುತ್ತಾರೆ. ನೀವೂ ಹಾಗೆಯೇ ಮಾಡಿ. ಪುಟದ ಎಡಗಡೆ ಅರ್ಧ ಗಂಟೆಗೊಂದರಂತೆ ಹೊತ್ತುಗಳನ್ನು ಬರೆದುಕೊಳ್ಳಿ, ನಡುವಿನ ಸಾಲಿನಲ್ಲಿ ಆ ಅರ್ಧ ಗಂಟೆಯಲ್ಲಿ ಮಾಡಿದ ಮುಖ್ಯ ಕೆಲಸವನ್ನು ಎರಡು ಮೂರು ಪದಗಳಲ್ಲಿ ತುಂಬಿ. ಬಲಗಡೆಯ ಸಾಲಿನಲ್ಲಿ ಮನಸ್ಸು ಎಲ್ಲಿತ್ತು ಎಂಬುದನ್ನು ಗುರುತಿಸಿ, ಮಾಡುತ್ತಿದ್ದ ಕೆಲಸದಲ್ಲಿಯೇ ಇದ್ದರೆ ಒಂದು ಗೆರೆ, ಬೇರೆಲ್ಲೋ ಇದ್ದರೆ ಒಂದು ಸೊನ್ನೆ.

ಮೂರನೆಯ ಸಾಲು ಏಕೆಂದು ಹಲವರು ಕೇಳುತ್ತಾರೆ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ವಯಸ್ಕರಿಗೆ ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲಿದೆಯೇ ಎಂದು ಕೇಳಲಾಗಿತ್ತು. ಉತ್ತರಗಳಲ್ಲಿ ಶೇ. 46.9ರಷ್ಟು ಮನಸ್ಸು ಬೇರೆಡೆ ಇದೆ ಎಂಬುದಾಗಿತ್ತು. ಸಮಯವನ್ನು ಕೊಟ್ಟಿದ್ದೇವೆ ಎಂದುಕೊಂಡಲ್ಲಿ ನಾವು ಅರ್ಧವೇ ಇದ್ದೆವೆಂಬುದು ಮೂರನೆಯ ಸಾಲಿಲ್ಲದೆ ತಿಳಿಯುವುದಿಲ್ಲ. ಮಗುವಿನ ಜೊತೆ ಕಳೆದ ಎರಡು ಗಂಟೆ ಎಂದು ನಡುವಿನ ಸಾಲು ಹೇಳುತ್ತಿರುವಾಗ ಬಲಗಡೆ ನಾಲ್ಕೂ ಸೊನ್ನೆಗಳಿದ್ದರೆ, ನಿಮ್ಮ ಕೊರತೆ ಸಮಯದ್ದಲ್ಲ ಎಂದಾಯಿತು.

ಅರ್ಧ ಗಂಟೆಗೊಮ್ಮೆ ಪುಸ್ತಕ ತೆಗೆಯುವುದು ಯಾರಿಂದಲೂ ಸಾಧ್ಯವಿಲ್ಲ. ದಿನಕ್ಕೆ ಮೂರು ಸಲ, ಅಂದರೆ ಮಧ್ಯಾಹ್ನದ ಊಟದ ನಂತರ, ಸಂಜೆ ಮತ್ತು ಮಲಗುವ ಮುನ್ನ ಹಿಂದಿನ ಹೊತ್ತನ್ನು ನೆನಪಿಸಿಕೊಂಡು ತುಂಬಿದರೆ ಸಾಕು. ಎರಡು ದಿನದ್ದನ್ನು ಒಟ್ಟಿಗೆ ಬರೆಯಲು ಹೋಗಬೇಡಿ, ನೆನಪು ನಮಗೆ ಬೇಕಾದ ಹಾಗೆ ತಿದ್ದಿಕೊಡುತ್ತದೆ. ಬರೆಯುತ್ತಿರುವ ವಾರದಲ್ಲಿ ಶಿಸ್ತಿನ ಮನುಷ್ಯನಾಗಲು ಪ್ರಯತ್ನಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಎಂದಿನಂತೆಯೇ ಇರಿ. ಹಬ್ಬ, ಮದುವೆ, ಪರೀಕ್ಷೆಗಳಿರುವ ವಾರವನ್ನು ಬಿಟ್ಟು ಸಾಧಾರಣವಾದ ಒಂದು ವಾರವನ್ನು ಆರಿಸಿಕೊಳ್ಳಿ.

ವಾರದ ಕೊನೆಗೆ ಒಟ್ಟು ಮಾಡಿ. ವಾರಕ್ಕೆ 168 ಗಂಟೆ. ಉದಾಹರಣೆಗೆ, ದಿನಕ್ಕೆ 7 ಗಂಟೆಯಂತೆ ನಿದ್ರೆಗೆ 49, ಆರು ದಿನ 8 ಗಂಟೆಯಂತೆ ಉದ್ಯೋಗಕ್ಕೆ 48, ಆರು ದಿನ 2 ಗಂಟೆಯಂತೆ ಪ್ರಯಾಣಕ್ಕೆ 12, ಸ್ನಾನ ಮತ್ತು ಊಟ ತಿಂಡಿಗೆ ದಿನಕ್ಕೆ 2 ಗಂಟೆಯಂತೆ 14, ಮನೆಗೆಲಸಕ್ಕೂ ಅಷ್ಟೇ 14 ಎಂದು ಹಿಡಿದರೆ ಒಟ್ಟು 137 ಗಂಟೆಯಾಗುತ್ತದೆ. ಉಳಿದದ್ದು 31. ಸಮಯವೇ ಇಲ್ಲವೆನ್ನುತ್ತಿದ್ದವರಿಗೆ ಈ 31 ಗಂಟೆ ಅನಿರೀಕ್ಷಿತವಾಗಿ ಕಾಣುತ್ತದೆ. ಆದರೆ ಅದು ಇಡಿಯಾಗಿ ಸಿಗುವುದಿಲ್ಲ, ಹತ್ತು ನಿಮಿಷ, ಇಪ್ಪತ್ತು ನಿಮಿಷಗಳ ಚೂರುಗಳಾಗಿ ಹರಡಿಕೊಂಡಿರುತ್ತದೆ ಎಂಬುದನ್ನೂ ಪುಟವೇ ತೋರಿಸುತ್ತದೆ.

ಎಲ್ಲರ ಪುಟದಲ್ಲಿಯೂ ಅಷ್ಟು ಉಳಿಯುವುದಿಲ್ಲ. 2024ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಅದರಲ್ಲಿ ತೊಡಗುವ ಪುರುಷರು ಕೊಡುವುದು 88 ನಿಮಿಷ. ಮಕ್ಕಳು ಹಿರಿಯರ ಆರೈಕೆಯ ಹೊತ್ತು ಇದರಲ್ಲಿ ಸೇರಿಲ್ಲ. ಹೊರಗೆ ದುಡಿದು ಬಂದು ಮನೆಯಲ್ಲೂ ಐದು ಗಂಟೆ ದುಡಿಯುವ ಹೆಂಗಸಿಗೆ "ನಿಧಾನಿಸಿ, ಬದುಕನ್ನು ಆಸ್ವಾದಿಸಿ" ಎಂದು ಉಪದೇಶಿಸುವುದು ಅಸಭ್ಯವೆಂದೇ ನಾನು ಭಾವಿಸುತ್ತೇನೆ. ಅವರು ಮಾಡಬೇಕಾದದ್ದು ಕೆಲಸದ ಮರುಹಂಚಿಕೆ. ಅದಕ್ಕೆ ಈ ಪುಟ ಒಳ್ಳೆಯ ದಾಖಲೆಯಾಗುತ್ತದೆ. ಅದನ್ನು ಬಳಸುವ ಬಗೆ ಏಳನೆಯ ಹಂತದಲ್ಲಿದೆ.

ಹಂತ 3: ಹಣ ಮತ್ತು ಫೋನಿನ ದಾಖಲೆಯನ್ನು ಜೊತೆಗಿಟ್ಟುಕೊಳ್ಳಿ

ಇದಕ್ಕೆ ಹತ್ತು ನಿಮಿಷ ಸಾಕು. ಯುಪಿಐ ಆ್ಯಪ್‌ನ ವಹಿವಾಟು ಪಟ್ಟಿಯಿಂದ ಅಥವಾ ಬ್ಯಾಂಕಿನ ಸಂದೇಶಗಳಿಂದ ಆ ವಾರದ ಖರ್ಚುಗಳನ್ನು ನೋಟ್‌ಬುಕ್ಕಿಗೆ ಇಳಿಸಿ. ಬಾಡಿಗೆ, ಶಾಲೆಯ ಶುಲ್ಕ, ಕಂತು ಇಂಥವನ್ನು ಬಿಡಿ. ನೀವೇ ನಿರ್ಧರಿಸಿ ಮಾಡಿದ ಖರ್ಚುಗಳಷ್ಟೇ ಬೇಕು. ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ವಿಭಾಗವೂ ಐಫೋನಿನಲ್ಲಿ ಸ್ಕ್ರೀನ್ ಟೈಮ್ ಎಂಬ ವಿಭಾಗವೂ ಇವೆ. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದಿರಿ, ದಿನಕ್ಕೆ ಎಷ್ಟು ಸಲ ಫೋನನ್ನು ಕೈಗೆತ್ತಿಕೊಂಡಿರಿ ಎಂಬುದನ್ನು ಅವು ತೋರಿಸುತ್ತವೆ. ಹೆಚ್ಚು ಹೊತ್ತು ತಿಂದ ಮೂರು ಆ್ಯಪ್‌ಗಳ ಹೆಸರನ್ನೂ ಅವಧಿಯನ್ನೂ ಬರೆದುಕೊಂಡರೆ ಆಯಿತು. ಆ ಅಂಕಿಯನ್ನು ಕಂಡ ಕೂಡಲೇ ಆ್ಯಪ್‌ಗಳನ್ನೆಲ್ಲ ಅಳಿಸಿಹಾಕುವ ಆವೇಶ ಬರುತ್ತದೆ. ತಡೆಯಿರಿ, ಈಗ ಇನ್ನೂ ದಾಖಲೆಯ ಹಂತದಲ್ಲಿದ್ದೀರಿ, ಆವೇಶದಲ್ಲಿ ಅಳಿಸಿದವು ಹೆಚ್ಚಾಗಿ ಬುಧವಾರದ ಹೊತ್ತಿಗೆ ಮರಳಿರುತ್ತವೆ.

ಹಂತ 4: ಎರಡು ಗಳಿಗೆಯನ್ನು ಹಂಚಿಕೊಳ್ಳುವ ಬಗೆ

ಎರಡನೆಯ ವಾರದ ಗೊತ್ತುಮಾಡಿದ ಹೊತ್ತಿಗೆ ನೋಟ್‌ಬುಕ್ಕಿನೊಂದಿಗೆ ಕುಳಿತುಕೊಳ್ಳಿ. ಫೋನು ಇನ್ನೊಂದು ಕೋಣೆಯಲ್ಲಿರಲಿ, ಮೇಜಿನ ಮೇಲೆ ಕವುಚಿಟ್ಟರೆ ಸಾಲದು.

ಮೊದಲ 8 ನಿಮಿಷ ಏನೂ ಮಾಡಬೇಡಿ. ಇದು ಧ್ಯಾನವಲ್ಲ, ಉಸಿರನ್ನು ಗಮನಿಸಬೇಕೆಂಬ ನಿಯಮವೂ ಇಲ್ಲ. ಗ್ಯಾಸ್ ಬುಕ್ ಮಾಡಬೇಕಿತ್ತು, ಯಾರಿಗೋ ಉತ್ತರಿಸಬೇಕಿತ್ತು ಎಂಬ ನೆನಪುಗಳು ಸಾಲಾಗಿ ಬರುತ್ತವೆ, ಅವನ್ನು ಒಂದು ಬಿಡಿ ಹಾಳೆಯಲ್ಲಿ ಗೀಚಿ ಪಕ್ಕಕ್ಕಿಡಿ. ಮುಂದಿನ 15 ನಿಮಿಷ ದಾಖಲೆಯನ್ನು ಓದಿ, ಓದುವಾಗ ಟಿಪ್ಪಣಿ ಬರೆಯದೆ ಗಮನ ಸೆಳೆದ ಸಾಲುಗಳ ಪಕ್ಕದಲ್ಲಿ ಚುಕ್ಕೆ ಇಡುತ್ತ ಹೋಗಿ. ಅನಂತರದ 15 ನಿಮಿಷ ಪ್ರಶ್ನೆಗಳಿಗೆ, ಕೊನೆಯ 10 ನಿಮಿಷ ನಿರ್ಧಾರಕ್ಕೆ. ಹೊತ್ತು ಮುಗಿದ ಕೂಡಲೇ ಏಳಿ. ಅರ್ಧ ಬರೆದ ವಾಕ್ಯವಿದ್ದರೂ ಏಳಿ, ಅದು ಮುಂದಿನ ವಾರಕ್ಕೆ ದಾರಿಯಾಗುತ್ತದೆ.

ಹಂತ 5: ನಾಲ್ಕು ಪ್ರಶ್ನೆಗಳು

ಈ ವಾರದ ಯಾವ ಹೊತ್ತನ್ನು ಇನ್ನೊಮ್ಮೆ ಹಾಗೆಯೇ ಕಳೆಯಲು ನಾನು ಒಪ್ಪುತ್ತೇನೆ?

ಯಾವುದನ್ನು ಒಲ್ಲದ ಮನಸ್ಸಿನಿಂದ, ಬೇರೆಯವರು ಏನೆಂದುಕೊಂಡಾರು ಎಂಬ ಕಾರಣಕ್ಕೆ ಮಾತ್ರ ಮಾಡಿದೆ?

ಯಾರೊಂದಿಗೆ ಮಾತನಾಡಬೇಕಿದ್ದುದನ್ನು ಮುಂದೂಡಿದ್ದೇನೆ?

ಮುಖ್ಯವೆಂದು ನಾನು ಹೇಳಿಕೊಳ್ಳುವ ಯಾವ ಸಂಗತಿಗೆ ಈ ವಾರದ ದಾಖಲೆಯಲ್ಲಿ ಒಂದು ಸಾಲೂ ಇಲ್ಲ?

ಮೊದಲ ಮೂರಕ್ಕೆ ಎರಡೆರಡು ಸಾಲಿನ ಉತ್ತರ ಸಾಕು. ಮೊದಲನೆಯ ಪ್ರಶ್ನೆಯ ಉತ್ತರಗಳು ನಿರೀಕ್ಷೆಗಿಂತ ಸಣ್ಣವಾಗಿರುತ್ತವೆ ಎಂಬುದನ್ನಷ್ಟೇ ಹೇಳುತ್ತೇನೆ. ಪ್ರವಾಸ, ಸಮಾರಂಭಗಳಿಗಿಂತ ಹೆಚ್ಚಾಗಿ ಅಡುಗೆಮನೆಯ ಮಾತುಕತೆ, ಬಸ್ಸಿಗೆ ಕಾಯುವಾಗ ಸಿಕ್ಕ ಹಳೆಯ ಪರಿಚಯ, ಅಡ್ಡಿಯಿಲ್ಲದೆ ಮುಗಿದ ಒಂದು ಕೆಲಸ ಇಂಥವೇ ಬರುತ್ತವೆ. ಹೀಗಿರುವಾಗ ನೆಮ್ಮದಿಗಾಗಿ ದೊಡ್ಡ ಬದಲಾವಣೆ ಮಾಡಬೇಕೆಂಬ ಆಲೋಚನೆಯನ್ನು ಕೆಲವು ವಾರ ಮುಂದಕ್ಕೆ ಹಾಕುವುದು ವಿವೇಕ.

ನಾಲ್ಕನೆಯದಕ್ಕೆ ಹೆಚ್ಚು ಹೊತ್ತು ಕೊಡಿ, ಇಡೀ ಕ್ರಮದ ಜೀವ ಇರುವುದು ಅಲ್ಲಿ. ಒಂದು ಸಂಗತಿ ಮುಖ್ಯವೆನ್ನುತ್ತೀರಿ, ದಾಖಲೆಯಲ್ಲಿ ಅದು ಇಲ್ಲ ಎಂದರೆ ಎರಡು ಸಾಧ್ಯತೆಗಳಿವೆ. ಪರಿಸ್ಥಿತಿ ಅಡ್ಡ ಬಂದಿರಬಹುದು, ಇಲ್ಲವೇ ಅದು ಈಗ ನಿಮಗೆ ನಿಜವಾಗಿ ಮುಖ್ಯವಲ್ಲದಿರಬಹುದು. ಎರಡನೆಯದನ್ನು ಒಪ್ಪಿಕೊಳ್ಳುವುದು ಕಷ್ಟ. ಮದುವೆಗೆ ಮುಂಚೆ ಕಲಿತು ಬಿಟ್ಟ ವೀಣೆ, ಅರ್ಧಕ್ಕೆ ನಿಂತ ಸ್ನಾತಕೋತ್ತರ ಪದವಿ, ಊರಿನ ಜಮೀನಿನಲ್ಲಿ ತೋಟ ಮಾಡುವ ಯೋಜನೆ ಇವು ವರ್ಷಗಟ್ಟಲೆ ಮನಸ್ಸಿನ ಮೂಲೆಯಲ್ಲಿ ಕುಳಿತು ತಪ್ಪಿತಸ್ಥ ಭಾವನೆಯನ್ನು ಮಾತ್ರ ಕೊಡುತ್ತಿರುತ್ತವೆ. ಸತತವಾಗಿ ಎಂಟು ಹತ್ತು ವಾರ ದಾಖಲೆಯಲ್ಲಿ ಕಾಣಿಸದ ಸಂಗತಿಗೆ ಒಂದು ಪುಟ ಮೀಸಲಿಟ್ಟು "ಇದನ್ನು ಈ ವರ್ಷ ಮಾಡುವುದಿಲ್ಲ" ಎಂದು ದಿನಾಂಕ ಹಾಕಿ ಬರೆದುಬಿಡಿ. ಬರೆದ ಮೇಲೆ ನೆಮ್ಮದಿಯಾದರೆ ಅದು ಹೋಗಬೇಕಾದದ್ದೇ. ತೀವ್ರವಾದ ಸಂಕಟವಾದರೆ ಅದಕ್ಕೆ ವಾರದಲ್ಲಿ ಒಂದು ಗಂಟೆಯನ್ನಾದರೂ ಹುಡುಕಬೇಕು. ಮುಖ್ಯವಾದುದನ್ನು ಗುರುತಿಸಲು ಇದಕ್ಕಿಂತ ನಂಬಿಕಸ್ಥವಾದ ಪರೀಕ್ಷೆಯನ್ನು ನಾನು ಕಂಡಿಲ್ಲ.

ಇಲ್ಲಿ ಎರಡು ಅಪಾಯಗಳಿವೆ. ಒಂದು, ಅವಲೋಕನವು ಕೊರಗಾಗುವುದು. ಆದ ತಪ್ಪನ್ನೋ ನೋವನ್ನೋ ಮತ್ತೆ ಮತ್ತೆ ಮೆಲುಕು ಹಾಕುತ್ತ ಯಾವ ತೀರ್ಮಾನಕ್ಕೂ ಬಾರದ ಸ್ಥಿತಿಗೆ ಮನೋವಿಜ್ಞಾನಿಗಳು ರೂಮಿನೇಷನ್ ಎನ್ನುತ್ತಾರೆ. ಖಿನ್ನತೆಗೂ ಅದಕ್ಕೂ ಹತ್ತಿರದ ನಂಟಿದೆ. ಅದರ ಗುರುತು "ನಾನೇಕೆ ಹೀಗೆ?" ಎಂಬ ಪ್ರಶ್ನೆ. ಮೇಲಿನ ನಾಲ್ಕು ಪ್ರಶ್ನೆಗಳಲ್ಲಿ "ಏಕೆ" ಎಂಬುದು ಎಲ್ಲಿಯೂ ಇಲ್ಲದಿರುವುದು ಇದೇ ಕಾರಣಕ್ಕೆ. ಕೊರಗು ಆರಂಭವಾಯಿತೆನಿಸಿದರೆ "ನಾನು" ಎನ್ನುವ ಬದಲು ನಿಮ್ಮದೇ ಹೆಸರಿಟ್ಟು, ಬೇರೊಬ್ಬರ ಬಗ್ಗೆ ಬರೆಯುವಂತೆ ಬರೆಯಿರಿ. ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒತ್ತಡದ ಸಂದರ್ಭದಲ್ಲಿ ತಮ್ಮನ್ನು ತಾವು ಹೆಸರಿನಿಂದ ಕರೆದುಕೊಂಡವರು ಆ ಸಂದರ್ಭವನ್ನು ಹೆಚ್ಚು ಸಮಾಧಾನದಿಂದ ನಿಭಾಯಿಸಿದ್ದು ಕಂಡುಬಂದಿತ್ತು.

ಇನ್ನೊಂದು, ದಾಖಲೆಯನ್ನು ಓದುವಾಗ ಹಳೆಯ ಗಾಯವೊಂದು ತೆರೆದುಕೊಳ್ಳುವುದು. ಅದನ್ನು ಈ 15 ನಿಮಿಷದಲ್ಲಿ ತುರುಕಬೇಡಿ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ರೂಪಿಸಿದ ಒಂದು ವಿಧಾನವಿದೆ. ಮನಸ್ಸಿಗೆ ಭಾರವಾದ ವಿಷಯವನ್ನು ಮೂರು ನಾಲ್ಕು ದಿನ, ದಿನಕ್ಕೆ 15ರಿಂದ 20 ನಿಮಿಷ, ವ್ಯಾಕರಣ ಕಾಗುಣಿತಗಳ ಗೊಡವೆಯಿಲ್ಲದೆ ಬರೆಯುವುದು. ಬರೆದ ಕೂಡಲೇ ಮನಸ್ಸು ಮತ್ತಷ್ಟು ಭಾರವಾಗುವುದು ಸಾಮಾನ್ಯ, ಅದು ಕೆಲವು ಗಂಟೆಗಳಲ್ಲಿ ಇಳಿಯಬೇಕು. ಇಳಿಯದಿದ್ದರೆ, ಇಲ್ಲವೇ ಬರೆಯುವುದೇ ಅಸಹನೀಯವಾದರೆ, ನಿಲ್ಲಿಸಿ ನಂಬಿಕೆಯ ವ್ಯಕ್ತಿಯೊಂದಿಗೆ ಅಥವಾ ಆಪ್ತಸಮಾಲೋಚಕರೊಂದಿಗೆ ಮಾತನಾಡಿ.

ಹಂತ 6: ಒಂದೇ ನಿರ್ಧಾರ

ಕೊನೆಯ ಹತ್ತು ನಿಮಿಷದಲ್ಲಿ ಒಂದು ನಿರ್ಧಾರ ಮಾಡಿ, ಎರಡಲ್ಲ. "ಇನ್ನು ಮೇಲೆ ಅಕ್ಕನ ಜೊತೆ ಹೆಚ್ಚು ಮಾತನಾಡಬೇಕು" ಎಂಬುದು ನಿರ್ಧಾರವಲ್ಲ, ಹಾರೈಕೆ. "ಶನಿವಾರ ಸಂಜೆ ಕಾಫಿ ಲೋಟ ತೊಳೆದಿಟ್ಟ ಕೂಡಲೇ ಅಕ್ಕನಿಗೆ ಫೋನ್ ಮಾಡುತ್ತೇನೆ" ಎಂಬುದು ನಿರ್ಧಾರ. ಇಂಥದ್ದಾದಾಗ ಇಂಥದ್ದು ಮಾಡುತ್ತೇನೆ ಎಂದು ಸಂದರ್ಭವನ್ನೂ ಕ್ರಿಯೆಯನ್ನೂ ಜೋಡಿಸಿಡುವ ಈ ಬಗೆಯ ಸಂಕಲ್ಪವನ್ನು ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಬರಿಯ ಗುರಿಯಿಟ್ಟುಕೊಂಡವರಿಗಿಂತ ಹೀಗೆ ಜೋಡಿಸಿಕೊಂಡವರು ಅಂದುಕೊಂಡದ್ದನ್ನು ಮಾಡುವ ಸಾಧ್ಯತೆ ಹೆಚ್ಚು. ವಿದೇಶದಲ್ಲಿರುವ ಕನ್ನಡಿಗರು ಊರಿಗೆ ಮಾಡುವ ಕರೆಗೂ ಇದೇ ಮಾತು. ಬೇಸಗೆಯಲ್ಲಿ ಕ್ಯಾಲಿಫೋರ್ನಿಯಾದ ಶನಿವಾರ ರಾತ್ರಿ 8 ಗಂಟೆ ಎಂದರೆ ಊರಿನಲ್ಲಿ ಭಾನುವಾರ ಬೆಳಗಿನ 8.30. ಆ ಹೊತ್ತನ್ನು ಒಂದು ನಿಗದಿತ ಕೆಲಸಕ್ಕೆ ಗಂಟು ಹಾಕದಿದ್ದರೆ ತಂದೆತಾಯಿಯೊಡನೆ ಮಾತು ವಾರದಿಂದ ವಾರಕ್ಕೆ ಜಾರುತ್ತಲೇ ಹೋಗುತ್ತದೆ.

ಹೊಸದೊಂದನ್ನು ಸೇರಿಸುವಾಗ ಅಷ್ಟೇ ಅವಧಿಯ ಹಳೆಯದೊಂದನ್ನು ತೆಗೆದು, ಯಾವುದನ್ನು ತೆಗೆದಿರಿ ಎಂಬುದನ್ನು ಅದೇ ಸಾಲಿನಲ್ಲಿ ಬರೆಯಿರಿ. ತುಂಬಿದ ಚೀಲಕ್ಕೆ ಇನ್ನೊಂದು ಸೇರು ಅಕ್ಕಿ ಸುರಿದರೆ ಚೆಲ್ಲುವುದು ಮೇಲಿನದೇ, ನೀವು ಆಗಷ್ಟೇ ಸೇರಿಸಿದ್ದು. ಹೊಸ ಅಭ್ಯಾಸಗಳು ಎರಡನೆಯ ವಾರಕ್ಕೇ ಬಿದ್ದುಹೋಗುವುದಕ್ಕೆ ಇಚ್ಛಾಶಕ್ತಿಯ ಕೊರತೆಗಿಂತ ಇದೇ ಹೆಚ್ಚಿನ ಕಾರಣ.

ಮುಂದಿನ ವಾರ ಕುಳಿತಾಗ ಮೊದಲು ಈ ನಿರ್ಧಾರ ನಡೆಯಿತೇ ಎಂದು ನೋಡಿ. ನಡೆಯದಿದ್ದರೆ ನಿಮ್ಮನ್ನು ಬೈದುಕೊಳ್ಳದೆ ನಿರ್ಧಾರವನ್ನು ಅರ್ಧಕ್ಕಿಳಿಸಿ. ಮೂರು ವಾರವೂ ನಡೆಯದಿದ್ದರೆ ಅದನ್ನು ಕೈಬಿಡಿ.

ಪ್ರತಿ ವಾರ ಅರ್ಧರ್ಧ ಗಂಟೆಯ ಪೂರ್ಣ ದಾಖಲೆ ಬೇಕಿಲ್ಲ. ಮೊದಲ ವಾರದ ನಂತರ ರಾತ್ರಿ ಮಲಗುವ ಮುನ್ನ ಮೂರು ಸಾಲು ಬರೆದಿಟ್ಟರೆ ಸಾಕು, ಇಂದು ಹೆಚ್ಚು ಹೊತ್ತು ಹೋದದ್ದು ಯಾವುದಕ್ಕೆ, ಮನಸ್ಸು ನೆಟ್ಟದ್ದು ಯಾವುದರಲ್ಲಿ, ಬಾಕಿ ಉಳಿದದ್ದು ಏನು. ಪೂರ್ಣ ದಾಖಲೆಯನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಪುನಃ ಮಾಡಿ.

ಹಂತ 7: ಮನೆಯವರೊಂದಿಗೆ ಒಂದು ಮಾತುಕತೆ

ಒಂದು ತಿಂಗಳಾದ ಮೇಲೆ, ಅದಕ್ಕಿಂತ ಮುಂಚೆ ಬೇಡ, ಸಂಗಾತಿಯೂ ಒಂದು ವಾರದ ದಾಖಲೆ ಇಡುವಂತೆ ಕೇಳಿಕೊಳ್ಳಿ. ಇಬ್ಬರ ಪುಟಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ "ನಾನೊಬ್ಬಳೇ ಮಾಡುತ್ತೇನೆ", "ನಾನೂ ಮಾಡುತ್ತೇನಲ್ಲ" ಎಂಬ ಹಳೆಯ ವಾದಕ್ಕೆ ಜಾಗ ಕಡಿಮೆಯಾಗಿ, ಯಾವ ಅರ್ಧ ಗಂಟೆಯನ್ನು ಯಾರು ವಹಿಸಿಕೊಳ್ಳಬಹುದು ಎಂಬ ಮಾತಿಗೆ ಬರಬಹುದು. ಒಂದು ಕೆಲಸವನ್ನು ವಹಿಸಿಕೊಳ್ಳುವುದೆಂದರೆ ಅದನ್ನು ನೆನಪಿಟ್ಟುಕೊಳ್ಳುವ ಹೊಣೆಯನ್ನೂ ವಹಿಸಿಕೊಳ್ಳುವುದು. ತರಕಾರಿ ತರುವುದಾದರೆ ಏನು ಮುಗಿದಿದೆ ಎಂದು ನೋಡುವುದೂ ಅವರದೇ ಕೆಲಸ, ಪಟ್ಟಿ ಬರೆದುಕೊಡೆಂದು ಕೇಳುವಂತಿಲ್ಲ. ಅವರ ಪುಟದ ಬಲಗಡೆಯ ಸಾಲನ್ನು ಮಾತ್ರ ಕೇಳಬೇಡಿ, ನಿಮ್ಮದನ್ನೂ ತೋರಿಸಬೇಡಿ. ಮನಸ್ಸು ಎಲ್ಲಿತ್ತು ಎಂಬುದು ಅವರವರ ಖಾಸಗಿ ಸಂಗತಿ, ಅದನ್ನು ಯಾರೋ ಓದುತ್ತಾರೆಂದಾದರೆ ಮುಂದೆ ಯಾರೂ ನಿಜ ಬರೆಯುವುದಿಲ್ಲ. ಹದಿಹರೆಯದ ಮಕ್ಕಳನ್ನು ಇದಕ್ಕೆ ಎಳೆದು ತರುವುದು ಕೂಡ ತರವಲ್ಲ. ಅವರ ಕಣ್ಣಿಗೆ ಇದು ಅಂಕಪಟ್ಟಿಯಂತೆ ಕಾಣುತ್ತದೆ, ಅವರ ಅನುಮಾನ ತಪ್ಪೂ ಅಲ್ಲ.

ಹಂತ 8: ದೀರ್ಘ ಅವಧಿಯ ನೋಟ

ವಾರದ ಕಣ್ಣಿಗೆ ಕಾಣದ ಕೆಲವು ಸಂಗತಿಗಳು ಹೆಚ್ಚಿನ ದೂರದಿಂದ ಕಾಣುತ್ತವೆ. ಇದರಲ್ಲಿಯೂ ಜೈನರ ಪ್ರತಿಕ್ರಮಣದ ಕ್ರಮ ಬಹಳ ಯೋಚಿಸಿ ಮಾಡಿದಂತಿದೆ. ಆದ ದೋಷಗಳನ್ನು ನೆನೆದು ಅವುಗಳಿಂದ ಹಿಂದೆ ಸರಿಯುವ ಆ ಆಚರಣೆಯನ್ನು ಹಗಲಿಗೊಂದು, ರಾತ್ರಿಗೊಂದು, ಪಕ್ಷಕ್ಕೊಂದು, ನಾಲ್ಕು ತಿಂಗಳಿಗೊಂದು, ವರ್ಷಕ್ಕೊಂದು ಎಂದು ಅಳತೆ ಮಾಡಿ ಇಟ್ಟಿದ್ದಾರೆ. ನಿಮ್ಮ ಕ್ರಮಕ್ಕೆ ಅಷ್ಟು ಮೆಟ್ಟಿಲು ಬೇಡ, ವಾರದ ಜೊತೆಗೆ ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಂಬ ಎರಡು ಸಾಕು.

ನಾಲ್ಕು ತಿಂಗಳಿಗೊಮ್ಮೆ ಕುಳಿತಾಗ ಹೊಸದೇನನ್ನೂ ಬರೆಯದೆ ಹಿಂದಿನ ವಾರಗಳ ಪುಟಗಳನ್ನು ಓದಿ, ಒಂದೇ ದೂರು ಮೂರಕ್ಕಿಂತ ಹೆಚ್ಚು ಸಲ ಬಂದಿದ್ದರೆ ಅದರ ಕೆಳಗೆ ಗೆರೆ ಎಳೆಯಿರಿ. ಆ ದೂರು ನಿಮ್ಮ ಅಭ್ಯಾಸದ್ದೋ, ಇನ್ನೊಬ್ಬರೊಡನೆ ಕುಳಿತು ಬಗೆಹರಿಸಬೇಕಾದದ್ದೋ, ಅಥವಾ ಉದ್ಯೋಗದಂಥ ದೊಡ್ಡ ಏರ್ಪಾಟಿನದ್ದೋ ಎಂದು ಬೇರ್ಪಡಿಸಿ. ಕೊನೆಯ ಬಗೆಯದು ವಾರದ ಸಣ್ಣ ನಿರ್ಧಾರಗಳಿಂದ ಸರಿಹೋಗುವುದಿಲ್ಲ. ದಿನಕ್ಕೆ ಮೂರು ಗಂಟೆಯ ಪ್ರಯಾಣವೇ ಸಮಸ್ಯೆಯಾಗಿರುವಾಗ ಆ ಮೂರು ಗಂಟೆಯಲ್ಲಿ ಪ್ರವಚನ ಕೇಳುವುದು ಪರಿಹಾರವಲ್ಲ, ಮನೆಯನ್ನೋ ಕೆಲಸವನ್ನೋ ಬದಲಿಸುವ ಲೆಕ್ಕಾಚಾರಕ್ಕೆ ಇಳಿಯಬೇಕು.

ವರ್ಷದ ನೋಟಕ್ಕೆ ಜನವರಿ 1 ಅಷ್ಟು ಒಳ್ಳೆಯ ದಿನವಲ್ಲ, ಸುತ್ತಲಿನವರ ಸಂಕಲ್ಪಗಳ ಗದ್ದಲ ಹೆಚ್ಚು. ಯುಗಾದಿಯ ಮರುದಿನ, ದೀಪಾವಳಿಯ ನಂತರದ ವಾರ ಅಥವಾ ನಿಮ್ಮ ಹುಟ್ಟುಹಬ್ಬದ ಆಸುಪಾಸು ಆಗಬಹುದು. ಆದ್ಯತೆಯ ಪಟ್ಟಿ ಬರೆಯುವ ಆಸೆ ಇನ್ನೂ ಉಳಿದಿದ್ದರೆ ಆ ದಿನ ಬರೆಯಿರಿ, ಪ್ರತಿ ಹೆಸರಿನ ಎದುರಿಗೆ ಕಳೆದ ವರ್ಷದ ಪುಟಗಳಿಂದ ಅದಕ್ಕೆ ಆಧಾರವಾಗುವ ಒಂದು ದಿನಾಂಕವನ್ನು ಕೊಡಲು ಆದರೆ ಮಾತ್ರ. ಪಟ್ಟಿ ಮೂರು ನಾಲ್ಕು ಹೆಸರಿಗೇ ನಿಂತರೆ ಗಾಬರಿಯಾಗಬೇಕಿಲ್ಲ.

ಮಧ್ಯೆ ವಾರಗಳು ತಪ್ಪುತ್ತವೆ. ಜ್ವರ, ಮದುವೆ, ಕೊಯ್ಲು, ಪರೀಕ್ಷೆ ಏನಾದರೊಂದು ಬರುತ್ತದೆ. ತಪ್ಪಿದ ವಾರವನ್ನು ತುಂಬಿಸಲು ಹೋಗದೆ, ಬಿಟ್ಟ ದಿನಾಂಕವನ್ನಷ್ಟೇ ಬರೆದು ಮುಂದಿನ ಪುಟಕ್ಕೆ ಹೋಗಿ. ತುಂಬಿದ ನೋಟ್‌ಬುಕ್ಕನ್ನು ಬೀಗವಿರುವ ಜಾಗದಲ್ಲಿಡಿ. ವರ್ಷದ ಓದು ಮುಗಿದ ಮೇಲೆ ಅದನ್ನು ಇಟ್ಟುಕೊಳ್ಳುವುದೂ ಹರಿದುಹಾಕುವುದೂ ನಿಮಗೆ ಬಿಟ್ಟದ್ದು. ಹರಿಯುವುದಾದರೆ ರದ್ದಿಗೆ ಹಾಕುವ ಮುನ್ನ ಬ್ಯಾಂಕಿನ ವಿವರಗಳಿರುವ ಪುಟಗಳನ್ನು ಬೇರೆಯಾಗಿ ಚೂರು ಮಾಡಿ.